ಮೇಸ್ತ್ರಿಯ ಬೈರಿಗೆ

ಮೊಳೆ ಮತ್ತೆ ಸೊಟ್ಟಗಾಯಿತು. ಮಗಳು ಅದನ್ನು ಕಿತ್ತು, ಕಲ್ಲಿನ ಮೇಲಿಟ್ಟು ತಟ್ಟಿ ನೆಟ್ಟಗೆ ಮಾಡಿ, ಹಲಗೆಗೆ ಇನ್ನೊಮ್ಮೆ ಹೊಡೆದಳು. ಒಳಗೆ ನಡುಮನೆಯಲ್ಲಿ ಅವಳ ಅಪ್ಪ ಚಾಪೆಯ ಮೇಲೆ ಮಲಗಿದ್ದ. ಊರಿನ ದೋಣಿಗಳನ್ನೆಲ್ಲ ಕಟ್ಟಿದ ಮೇಸ್ತ್ರಿ ಅವನು. ಅವನನ್ನು ಮಣ್ಣಿಗಿಡಲು ಒಂದು ಪೆಟ್ಟಿಗೆ ಮಾಡಿಕೊಡಲು ಊರಲ್ಲಿ ಬಡಗಿಯೇ ಇರಲಿಲ್ಲ. ಇದ್ದವನು ಅವನೊಬ್ಬನೇ.

"ಸುತ್ತಿಗೆ ಹಿಡಿಯೋದು ನೋಡು, ಮೀನಿನ ತಲೆ ಜಜ್ಜೋ ಹಾಗೆ," ಎಂದಳು ಪಕ್ಕದ ಮನೆಯ ಬಲೆ ಅಜ್ಜಿ. ಬಲೆ ಹೆಣೆದು ಹೆಣೆದು ಅವಳ ಬೆರಳುಗಳು ಕೊಕ್ಕೆಯಾಗಿದ್ದವು. ಬೆಳಿಗ್ಗೆಯಿಂದ ಆ ಮನೆಯ ಹೊಸ್ತಿಲು ತುಳಿದವಳು ಅವಳೊಬ್ಬಳೇ.

"ಕಂಪನಿ ಶೆಡ್ಡಲ್ಲಿ ದಿನಾ ಅದೇ ತಾನೇ ಮಾಡೋದು ಅಜ್ಜಿ. ಇನ್ನೇನು ಕಲಿತಿದೀನಿ ನಾನು?"

"ಅದು ಬಿಡು. ಹೊರೋಕೆ ಯಾರು ಬರ್ತಾರೆ?"

ಮಗಳು ಇನ್ನೊಂದು ಮೊಳೆ ಎತ್ತಿಕೊಂಡಳು. ಬೆಳಕು ಹರಿಯುವ ಮೊದಲೇ ಮನೆಮನೆಗೂ ಹೋಗಿ ಹೇಳಿ ಬಂದಿದ್ದಳು. ಕೆಲವರು ತಲೆಯಾಡಿಸಿದರು, ಕೆಲವರು ಬಾಗಿಲೇ ತೆಗೆಯಲಿಲ್ಲ. ಸೋದರಮಾವ ಬಾಗಿಲ ಸಂದಿಯಿಂದಲೇ ಕೇಳಿಸಿಕೊಂಡು "ಹ್ಞೂಂ" ಎಂದಿದ್ದ. ಆ ಹ್ಞೂಂ ಬರುತ್ತೇನೆ ಎಂದೋ, ಕೇಳಿಸಿತು ಎಂದೋ ಅವಳಿಗೆ ತಿಳಿದಿರಲಿಲ್ಲ. ಹೆಗಲು ಕೊಡಲು ನಾಲ್ಕು ಜನ ಸಿಗದೆ ಅಪ್ಪನನ್ನು ಕಂಪನಿಯ ಮೀನಿನ ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗಬೇಕಾದರೆ?

*

ಹೊರದೇಶದ ಕಂಪನಿ ಬಂದ ದಿನ ಮಂತ್ರಿಗಳೇ ದೋಣಿ ಕಟ್ಟುವ ದಕ್ಕೆಯ ಮೇಲೆ ನಿಂತು ಭಾಷಣ ಮಾಡಿದ್ದರು. ಬಂಡವಾಳ ಬರುತ್ತದೆ, ಅದರ ಹಿಂದೆಯೇ ಕೆಲಸ ಬರುತ್ತದೆ ಎಂದಿದ್ದರು. ಸುಳ್ಳೇನಲ್ಲ, ಬಂತು. ಮಂಜುಗಡ್ಡೆ ಕಾರ್ಖಾನೆ ಬಂತು, ಮೀನು ಸೀಳುವ ಉದ್ದನೆಯ ಶೆಡ್ ಬಂತು, ದಕ್ಕೆಗಿಂತ ಉದ್ದದ ಹಡಗು ಬಂತು. ಹಡಗಿಗೆ ಮೀನು ಹಿಡಿಯಲು ಪರವಾನಗಿ ಬೇಕು, ಸರ್ಕಾರ ಹೊಸದು ಕೊಡುವುದಿಲ್ಲ. ಆದ್ದರಿಂದ ಕಂಪನಿ ಊರಿನ ದೋಣಿಗಳ ಪರವಾನಗಿಗಳನ್ನೇ ಕೊಳ್ಳತೊಡಗಿತು. ಮೊದಲು ಕೆಲವರು ಆಸೆಗೆ ಬಿದ್ದು ಮಾರಿದರು. ಹಡಗು ಕಡಲನ್ನು ಬಾಚಿ ಬಳಿಯತೊಡಗಿದ ಮೇಲೆ ಉಳಿದವರು ಬೇರೆ ದಾರಿ ಕಾಣದೆ ಮಾರಿದರು.

ಪರವಾನಗಿ ಮಾರಿದ ದೋಣಿ ಮತ್ತೆ ಕಡಲಿಗಿಳಿಯಬಾರದು. ಮಾಲೀಕನ ಕಣ್ಣೆದುರೇ ಅದನ್ನು ಕೆಡಿಸಬೇಕು, ಕಂಪನಿಯವನು ಫೋಟೋ ತೆಗೆಯಬೇಕು. ಅದು ಕಾನೂನು. ಮೊದಲ ದೋಣಿಯನ್ನು ಮಣ್ಣೆತ್ತುವ ಯಂತ್ರದಿಂದ ಜಜ್ಜಿಸಿದರು. ಮರ ಮುರಿದ ಸದ್ದಿಗೆ ಮೇಸ್ತ್ರಿ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದ. ಮರುದಿನ ಕಂಪನಿಯ ಬಾಗಿಲಲ್ಲಿ ನಿಂತಿದ್ದ.

"ಆ ಯಂತ್ರ ಬೇಡ ಸ್ವಾಮಿ. ನಾನೇ ಬಿಚ್ಚಿಕೊಡ್ತೀನಿ. ಎಲ್ಲೆಲ್ಲಿ ಜೋಡಿಸಿದೀನಿ ಅಂತ ನಂಗೊತ್ತು."

ಕೂಲಿಯೂ ಬೇಕಿತ್ತು. ಯಾರೂ ದೋಣಿ ಕಟ್ಟಿಸದ ಊರಿನಲ್ಲಿ ಮೇಸ್ತ್ರಿಯ ಮನೆಯ ಒಲೆಯೂ ಉರಿಯಬೇಕಲ್ಲ. ಎರಡೂ ನಿಜ. ಊರಿಗೆ ಎರಡನೆಯದಷ್ಟೇ ಕಂಡಿತು.

ತೇಲುವ ದೋಣಿಯ ಪಕ್ಕ ನೀರಿಗಿಳಿದು ಬೈರಿಗೆಯಿಂದ ತಳಕ್ಕೊಂದು ತೂತು ಕೊರೆಯುತ್ತಿದ್ದ. ದೋಣಿ ಮುಳುಗಿ ಕೂತ ಮೇಲೆ, ಕಡಲು ಇಳಿದಾಗ, ಹಲಗೆ ಹಲಗೆಯಾಗಿ ಬಿಚ್ಚುತ್ತಿದ್ದ. ಪ್ರತಿ ದೋಣಿಯಿಂದ ಒಂದು ಹಲಗೆ ಹೊತ್ತು ಮನೆಗೆ ತರುತ್ತಿದ್ದ. ಯಾಕಪ್ಪಾ ಎಂದರೆ "ಸೌದೆಗೆ" ಎನ್ನುತ್ತಿದ್ದ. ಒಂದನ್ನೂ ಒಲೆಗೆ ಹಾಕಲಿಲ್ಲ.

ಸೋದರಮಾವನ ನೀಲಿ ದೋಣಿಯ ಸರದಿ ಬಂದಾಗ ಮೇಸ್ತ್ರಿ ಸೊಂಟದ ನೀರಿನಲ್ಲಿ ನಿಂತು, "ಭಾವ, ಆ ಕಡೆ ತಿರುಗು," ಎಂದಿದ್ದ. ಮಾವ ತಿರುಗಿದ. ಹಾಗೆ ತಿರುಗಿದ ಮುಖ ಮತ್ತೆ ಈ ಕಡೆ ತಿರುಗಲೇ ಇಲ್ಲ. ತನ್ನ ತಂಗಿ, ಅಂದರೆ ಮೇಸ್ತ್ರಿಯ ಹೆಂಡತಿ, ಸತ್ತಾಗಲೂ ಬಂದು, ಅವಳನ್ನು ಮಣ್ಣು ಮಾಡಿ, ಮೇಸ್ತ್ರಿಯ ಹತ್ತಿರ ಒಂದು ಮಾತೂ ಆಡದೆ ಹೋಗಿದ್ದ.

*

ಮಾವ ಬಂದಾಗ ಪೆಟ್ಟಿಗೆ ಒಂದು ರೂಪಕ್ಕೆ ಬಂದಿತ್ತು. ಒಂದು ಹಲಗೆ ಹಸಿರು, ಒಂದು ಕೆಂಪು, ಒಂದು ಹಳದಿ. ಬಲಬದಿಯದು ನೀಲಿ.

"ಇದು ನನ್ನ ದೋಣೀದು," ಎಂದ ಮಾವ.

"ಹೌದು ಮಾವ. ಬೇರೆ ಮರ ಇರ್ಲಿಲ್ಲ."

"ಕೇಳದೆ ಹೇಗೆ ಹಾಕಿದೆ? ಬದುಕಿದ್ದಾಗ ತಗೊಂಡಿದ್ದು ಸಾಲ್ದಾ ಅವನಿಗೆ?"

"ಬೇಡ ಅಂದ್ರೆ ಕಿತ್ತು ಕೊಡ್ತೀನಿ," ಎಂದಳು ಮಗಳು.

ಮಾವ ತಾನೇ ಕೀಳುವವನಂತೆ ಬಗ್ಗಿದ. ಹಲಗೆಯ ಕೆಳಗಡೆ ಅವನ ಹೆಬ್ಬೆರಳಿಗೆ ಏನೋ ತಾಗಿತು. ಮೇಸ್ತ್ರಿ ಅಂದು ಕೊರೆದ ತೂತು. ಅದಕ್ಕೆ ಗಟ್ಟಿ ಮರದ ಬಿರಡೆ ಹೊಡೆದು, ಉಜ್ಜಿ, ಅದೇ ನೀಲಿ ಬಣ್ಣ ಬಳಿದು ಮುಚ್ಚಿದ್ದ. ಹಸಿರು ಹಲಗೆಯಲ್ಲೂ ಬಿರಡೆಯಿತ್ತು, ಕೆಂಪಿನಲ್ಲೂ. ತೂತಾದ ಹಲಗೆಯನ್ನೇ ಆರಿಸಿ ತಂದು ಒಂದೊಂದನ್ನೂ ರಿಪೇರಿ ಮಾಡಿಟ್ಟಿದ್ದ.

ಮಾವ ಕುಕ್ಕರಗಾಲಲ್ಲಿ ಕೂತು ಪೆಟ್ಟಿಗೆಯ ಸಂದಿಗಳನ್ನು ಒಂದೊಂದಾಗಿ ಬೆರಳಿನಿಂದ ತಡವಿದ. ಆಮೇಲೆ ಗದರಿದ.

"ಸಂದಿಲೆಲ್ಲ ಬೆಳಕು ಕಾಣ್ತಿದೆ. ಮೇಸ್ತ್ರಿ ಮಗಳಾಗಿ ಇದೇನಾ ನಿನ್ನ ಕೆಲಸ? ಹತ್ತಿ ನೂಲು ತಾ. ರಾಳ ಕಾಯಿಸು."

ರಾಳದ ವಾಸನೆ ಬೀದಿಗೆ ಹೋಯಿತು. ಅದು ದೋಣಿ ಕಟ್ಟುತ್ತಿದ್ದ ಕಾಲದ ಹಳೆಯ ವಾಸನೆ, ಯಾರ ಮೂಗೂ ಮರೆತಿರಲಿಲ್ಲ. ಬೇಲಿಯಾಚೆ ಒಬ್ಬ ನಿಂತ, ಇನ್ನೊಬ್ಬ ನಿಂತ. "ಅಯ್ಯೋ, ಹಾಗಲ್ಲ ಮಾರಾಯ, ನೂಲು ಹೊಸೆದು ತುರುಕು," ಎನ್ನುತ್ತಾ ಹಸಿರು ದೋಣಿಯವನು ಒಳಗೇ ಬಂದುಬಿಟ್ಟ. ಹಳದಿಯವನು ಉಳಿ ಕಸಿದುಕೊಂಡ. ಎಷ್ಟೋ ಕಾಲದಿಂದ ಕಂಪನಿಯ ಗೇಟು ಕಾಯುತ್ತಿದ್ದ, ಮೀನಿನ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದ ಆ ಕೈಗಳು ಈಗ ಕೆಲಸ ಕಂಡು ಹುಚ್ಚೆದ್ದವು. ಒಂದು ಸುತ್ತು ಹತ್ತಿ, ಒಂದು ಸುತ್ತು ರಾಳ, ಮತ್ತೆ ಹತ್ತಿ. ತಳ ಮುಗಿಸಿ ಬದಿಗೆ ಬಂದರು. ಮೇಸ್ತ್ರಿಯನ್ನು ಒಳಗೆ ಮಲಗಿಸಿದ ಮೇಲೆ ಮುಚ್ಚಳದ ಸಂದಿಯನ್ನೂ ಬಿಡಲಿಲ್ಲ.

"ಕಡಲಿಗೆ ಬಿಡ್ತೀರೇನ್ರೋ ಅವನ್ನ?" ಎಂದು ಬಲೆ ಅಜ್ಜಿ ನಕ್ಕಳು. ಗಂಡಸರೂ ನಕ್ಕರು. ಅಪ್ಪ ಸತ್ತ ದಿನವೇ ಇಷ್ಟು ಸಂತೋಷವಾಗುತ್ತಿದೆಯಲ್ಲ ಎಂದು ಮಗಳಿಗೆ ನಾಚಿಕೆಯಾಯಿತು. ಎತ್ತುವಾಗ ಹೆಗಲುಗಳು ಬೇಕಾದ್ದಕ್ಕಿಂತ ಹೆಚ್ಚೇ ಇದ್ದವು. ಅಪ್ಪನ ಜೊತೆ ಮಣ್ಣಿಗಿಡಲೆಂದು ಅವಳು ಬೈರಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿಂದೆ ನಡೆದಳು.

*

"ಇಷ್ಟೊತ್ತು ಎಲ್ಲಿ ಸತ್ತಿದ್ರಿ?" ಎಂದ ಗುಂಡಿ ತೋಡುವವನು. "ಬೆಳಿಗ್ಗೆ ತೋಡಿದ್ದು. ನೋಡಿ ಈಗ."

ಹಡಗು ಒಳಗೆ ಬರಲೆಂದು ಕಂಪನಿ ಕಾಲುವೆ ಅಗೆಸಿದ ಮೇಲೆ ಸ್ಮಶಾನದ ನೆಲದಲ್ಲಿ ನೀರು ಜಿನುಗುತ್ತಿತ್ತು. ಕಡಲು ಉಬ್ಬುವ ಹೊತ್ತಿಗಂತೂ ಕೇಳುವುದೇ ಬೇಡ. ಗುಂಡಿ ಅರ್ಧಕ್ಕೂ ಮೇಲೆ ತುಂಬಿತ್ತು. ಬಕೆಟ್ಟಿನಿಂದ ಎತ್ತಿ ಎತ್ತಿ ಸುರಿದರು, ಅಷ್ಟೇ ನೀರು ಮತ್ತೆ ಬಂತು. ಕೊನೆಗೆ ಹಗ್ಗ ಕಟ್ಟಿ ಇಳಿಸಿದರು.

ಹಗ್ಗ ಸಡಿಲವಾಯಿತು. ಪೆಟ್ಟಿಗೆ ತೇಲುತ್ತಿತ್ತು.

ಒಬ್ಬ ಗುದ್ದಲಿಯಿಂದ ಒತ್ತಿದ. ಮುಳುಗಿದಂತೆ ಮಾಡಿ ಮೇಲೆ ಬಂತು. ಮಣ್ಣು ಹಾಕಿದರು. ಪೆಟ್ಟಿಗೆ ಒಂದು ಬದಿಗೆ ಬಾಗಿ, ಮಣ್ಣನ್ನೆಲ್ಲ ನೀರಿಗೆ ಸುರಿದು, ಮತ್ತೆ ನೆಟ್ಟಗೆ ನಿಂತಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಒಂದು ಹನಿ ನೀರೂ ಒಳಗೆ ಹೋಗಿರಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದರು.

"ಏನಾದ್ರೂ ಮಾಡಿ ಮಾವ," ಎಂದಳು ಮಗಳು. "ಅಪ್ಪನ್ನ ಹೀಗೆ ನೋಡೋಕಾಗಲ್ಲ."

ಮಾವ ಅವಳತ್ತ ಕೈ ಚಾಚಿದ. ಅವಳಿಗೆ ಅರ್ಥವಾಯಿತು. ಸೆರಗು ಬಿಚ್ಚಿ ಬೈರಿಗೆ ಕೊಟ್ಟಳು.

ಮಾವ ಗುಂಡಿಗಿಳಿದ. ನೀರು ಸೊಂಟಕ್ಕೆ ಬಂತು. ನೀಲಿ ಹಲಗೆಯ ಮೇಲೆ ಕೈಯಾಡಿಸಿ, ನೀರಿನೊಳಗೆ ತಡಕಿ, ಬಿರಡೆಯ ಮೇಲೆ ಬೆರಳಿಟ್ಟ. ತಲೆಯೆತ್ತದೆಯೇ ಹೇಳಿದ.

"ಮಗಳೇ, ಆ ಕಡೆ ತಿರುಗು."

ದಡದಲ್ಲಿದ್ದ ಗಂಡಸರೆಲ್ಲ ಕಂಪನಿಯ ಹಡಗು ನಿಂತಿದ್ದ ಕಡೆಗೆ ತಿರುಗಿದರು. ಮಗಳು ತಿರುಗಲಿಲ್ಲ. ಬೈರಿಗೆ ಕಿರ್ರೆಂದು ಬಿರಡೆಯೊಳಗೆ ಇಳಿಯಿತು. ಮಾವ ಅದನ್ನು ಹೊರಗೆಳೆದ ಕೂಡಲೇ ನೀರು ಗುಳುಗುಳು ಎಂದು ಒಳನುಗ್ಗಿತು. ಪೆಟ್ಟಿಗೆ ನೀಲಿ ಬದಿಯಿಂದ ಬಾಗಿ, ಮಾವನ ಸೊಂಟಕ್ಕೆ ಒರಗಿ, ಸ್ವಲ್ಪ ಹೊತ್ತು ಹಾಗೇ ನಿಂತು, ಕೆಳಗಿಳಿಯಿತು.