ನ್ಯೂ ಆರ್ಲಿಯನ್ಸ್‌ನ ಗೆಲುವು

"ಡೆಟ್ರಾಯಿಟ್?"

"ಲಾಸ್. ದೇ ಜಸ್ಟ್ ಸರೆಂಡರ್ಡ್, ಅಪ್ಪಾ."

ವೈಷ್ಣವಿ ಕೆಂಪು ಕಾರ್ಡನ್ನು ತಂದೆಯ ಹೊದಿಕೆಯ ಮೇಲೆ ಎಡಕ್ಕಿಟ್ಟಳು. ಬಲಕ್ಕೆ ಹಸಿರು, ಈರೀ ಸರೋವರದ ಗೆಲುವು. ಸೋಮವಾರ ಎಂಟನೇ ಕ್ಲಾಸಿನ ಹಿಸ್ಟರಿ ಟೆಸ್ಟ್. ಹುಟ್ಟಿ ನಲವತ್ತು ವರ್ಷವೂ ಆಗಿರದ ಅಮೆರಿಕ 1812ರ ಯುದ್ಧದಲ್ಲಿ ಬ್ರಿಟಿಷ್ ಸಾಮ್ರಾಜ್ಯದೆದುರು ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂಬುದು ಇರಣ್ಣನ ತೊಡೆಯ ಮೇಲೆ ಎರಡು ಸಾಲಾಗಿ ಬೆಳೆಯುತ್ತಿತ್ತು. ಅವನಿಗೆ ಬೈಪಾಸ್ ಆಗಿ ಹನ್ನೊಂದು ದಿನ. ಕೆಮ್ಮು ಬಂದಾಗ ಎದೆಗೆ ಒತ್ತಿಕೊಳ್ಳಲು ಆಸ್ಪತ್ರೆಯವರು ಕೊಟ್ಟ ದಿಂಬು ಕಂಕುಳಲ್ಲಿತ್ತು.

ಅಡುಗೆಮನೆಯಲ್ಲಿ ಅವನ ಹೆಂಡತಿ ಅನುಸೂಯಾ ಸಪ್ಪೆ ಉಪ್ಪಿಟ್ಟು ತಿರುವುತ್ತಿದ್ದಳು. ರೆಸ್ಟ್ ಬೇಕು ಎಂಬ ನೆವದಿಂದ ಅವನ ಫೋನನ್ನು ತಾನೇ ಇಟ್ಟುಕೊಂಡಿದ್ದಳು. ನಾಲ್ಕು ದಿನದ ಹಿಂದೆ ಗದಗಿನಲ್ಲಿ ಅವನ ಅಣ್ಣ ಸಿದ್ಧಾರೂಢ ತೀರಿಕೊಂಡಿದ್ದ. ತಮ್ಮನಿಗೆ ವಿಡಿಯೋದಲ್ಲಾದರೂ ಮುಖ ತೋರಿಸಿ ಮಣ್ಣು ಮಾಡುತ್ತೇವೆ ಎಂದು ವಾರಗಿತ್ತಿ ನಿಂಗವ್ವ ಅಂಗಲಾಚಿದಾಗ, "ಕಾಯಬ್ಯಾಡ್ರಿ ಅಕ್ಕಾ" ಎಂದವಳು ಅನುಸೂಯಾ. ಬುಧವಾರದ ಚೆಕಪ್ ಮುಗಿಯುವವರೆಗೆ ಈ ಸುದ್ದಿ ಅವನ ಕಿವಿಗೆ ಬೀಳಬಾರದಿತ್ತು.

ಅಣ್ಣ ತಮ್ಮ ಮಾತು ಬಿಟ್ಟು ಆರು ವರ್ಷ. ಅಪ್ಪ ಹೋದಾಗ ಇರಣ್ಣನಿಗೆ ವಿಮಾನ ತಪ್ಪಿ ಊರು ಮುಟ್ಟುವುದು ಒಂದು ದಿನ ತಡವಾಗಿತ್ತು. ಸಿದ್ಧಾರೂಢ ಕಾಯದೆ ಮಣ್ಣು ಮಾಡಿಬಿಟ್ಟಿದ್ದ. ಅಂದಿನಿಂದ ಅಮೆರಿಕದ ಪೇರ್ಲ್ಯಾಂಡಿನ ಈ ಮನೆಯಲ್ಲಿ ಅಣ್ಣನ ಹೆಸರೆತ್ತುವಂತಿರಲಿಲ್ಲ.

ಕೊನೆಯ ಕಾರ್ಡು ನ್ಯೂ ಆರ್ಲಿಯನ್ಸ್. ಎಲ್ಲಕ್ಕಿಂತ ದೊಡ್ಡ ಗೆಲುವು, ಆದರೂ ವೈಷ್ಣವಿ ಅದನ್ನು ಕೆಳಗಿಡಲಿಲ್ಲ. ಎರಡು ವಾರ ಮೊದಲೇ ಯುರೋಪಿನಲ್ಲಿ ಸಂಧಿಗೆ ಸಹಿ ಬಿದ್ದಿತ್ತು, ಸುದ್ದಿ ಹೊತ್ತ ಹಡಗು ಇನ್ನೂ ಕಡಲಲ್ಲೇ ಇತ್ತು, ಗೊತ್ತಿಲ್ಲದೆ ಬಡಿದಾಡಿ ಸತ್ತರು ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ಇದು ಗೆಲುವು ಹೇಗಾಗುತ್ತದೆ ಎಂಬುದು ಅವಳ ತಕರಾರು.

ಇರಣ್ಣ ಆ ಕಾರ್ಡನ್ನು ಅವಳ ಕೈಯಿಂದ ತೆಗೆದುಕೊಂಡು ನೋಡಿದ. ಆಮೇಲೆ ಅಡುಗೆಮನೆಯತ್ತ ತಿರುಗಿದ.

"ಅನು, ನನ್ನ ಫೋನ್ ಕೊಡು. ಗದಗಿನಾಗ ಈಗ ರಾತ್ರಿ ಒಂಬತ್ತಾಗಿರ್ತದ. ಅಣ್ಣ ಎದ್ದಿರ್ತಾನ."

"ಬುಧವಾರ ಮಾತಾಡೀರಂತ. ಡಾಕ್ಟ್ರು ಏನ್ ಹೇಳ್ಯಾರ…"

"ಎದಿ ಸೀಳಿ ಹೊಲದಾರ. ಇನ್ನೂ ಅದರಾಗ ಸಿಟ್ಟ ಇಟ್ಕೊಂಡು ಏನ್ ಮಾಡ್ಲಿ?" ನಗಲು ಹೋದವನಿಗೆ ಹೊಲಿಗೆ ಎಳೆಯಿತು. "ಪಾಪ, ಅಪ್ಪನ್ನ ಮುಂದಿಟ್ಕೊಂಡು ಎಷ್ಟೊತ್ತಂತ ಕಾಯಬೇಕಿತ್ತು ಅವ. ನನಗೂ ಗೊತ್ತಿತ್ತು. ಅವನ ಮುಂದ ಒಮ್ಮೆ ಹೇಳಬೇಕು."

ಅನುಸೂಯಾ ಒಲೆ ಆರಿಸಿದಳು. ಮಗಳಿಗೆ ಮೇಲೆ ಹೋಗಿ ಓದಿಕೊಳ್ಳಲು ಹೇಳಿ, ಬಾಗಿಲು ಮುಚ್ಚಿದ ಸದ್ದು ಕೇಳುವವರೆಗೆ ಕಾದಳು. ಅವನ ಪಕ್ಕದಲ್ಲಿ ಕುಳಿತಾಗ ಅವನು ಫೋನಿಗಾಗಿ ಕೈ ಚಾಚಿಕೊಂಡೇ ಇದ್ದ.

"ನಾಕ ದಿನ ಆತ್ರಿ," ಎಂದಳು. "ಕಾಯಬ್ಯಾಡ್ರಿ ಅಂತ ನಾನಽ ಹೇಳಿದೆ."

ಚಾಚಿದ ಕೈ ಮೆಲ್ಲನೆ ಮಡಿಲಿಗೆ ಮರಳಿತು. ಹೊದಿಕೆ ಸರಿಸಿ ಕಾಲುಗಳನ್ನು ಕೆಳಗಿಳಿಬಿಟ್ಟ. ಈಗಲೇ ಎಲ್ಲಿಗೋ ಹೊರಡಬೇಕಾದವನಂತೆ, ಬಾತ ಬರಿಪಾದಗಳಿಂದ ತಣ್ಣನೆಯ ನೆಲವನ್ನು ಸವರುತ್ತ ಚಪ್ಪಲಿ ಹುಡುಕತೊಡಗಿದ.