ಒದೆ ತಿನ್ನುವ ವಿದ್ಯೆ

ಹಿಂದೂಪುರದ ನೇಕಾರ ಕೇಶವಯ್ಯನವರಿಗೆ ಸಿನಿಮಾದ ಫೈಟುಗಳೆಂದರೆ ಅಸಡ್ಡೆ. ಹೀರೋ ಕೈ ಬೀಸುತ್ತಾನೆ, ಅದರ ಗಾಳಿ ತಾಗಿಯೇ ಹತ್ತು ಜನ ಹಾರಿಬೀಳುತ್ತಾರೆ. ಊರಿನ ಹುಣಸೆ ಮಂಡಿಯಲ್ಲಿ ಹಣ್ಣು ಬಡಿಯುವ ಹೆಂಗಸರು ಇದಕ್ಕಿಂತ ಲಯವಾಗಿ ಬಡಿಯುತ್ತಾರೆ ಎನ್ನುತ್ತಿದ್ದರು. ಹಾಗನ್ನುವ ಹಕ್ಕೂ ಅವರಿಗಿತ್ತು. ಇಪ್ಪತ್ತು ವರ್ಷ ಪಾಳೇಗಾರರ ನಾಟಕಗಳಲ್ಲಿ ಖಳನಾಗಿ, ಮರದ ಕತ್ತಿ ಹಿಡಿದು ಕಾದಾಡಿ ಸತ್ತವರು ಅವರು.

೧೯೭೮ರಲ್ಲಿ ಊರಿನ ಟಾಕೀಸಿಗೆ ಹಾಂಗ್‌ಕಾಂಗಿನ ಕುಂಗ್‌ಫೂ ಚಿತ್ರವೊಂದು ಬಂದಾಗ ನಗುವುದಕ್ಕೆಂದೇ ಹೋದರು. ನಗು ಬರಲಿಲ್ಲ. ಒಂದು ಹೋಟೆಲಿನೊಳಗೆ ಮುದುಕನೊಬ್ಬ ಬೆಂಚು ಹಿಡಿದು ಮೂವರನ್ನು ಎದುರಿಸುತ್ತಿದ್ದ. ನಾಲ್ವರೂ ತಲೆಯಿಂದ ಪಾದದವರೆಗೆ ಕಾಣುವಂತೆ ಕ್ಯಾಮೆರಾ ದೂರ ನಿಂತಿತ್ತು. ದೃಶ್ಯವನ್ನು ಎಲ್ಲೂ ತುಂಡರಿಸಿ ಪೆಟ್ಟನ್ನು ಮುಚ್ಚಿಟ್ಟದ್ದಿಲ್ಲ. ಒಬ್ಬ ಪೆಟ್ಟು ತಿನ್ನುವಾಗ ಉಳಿದಿಬ್ಬರು ಸರದಿಗೆ ಕಾಯುವವರಂತೆ ನಿಂತಿರಲಿಲ್ಲ. ಒಬ್ಬ ಎದ್ದು ಕಾಲೂರುತ್ತಿದ್ದ, ಇನ್ನೊಬ್ಬ ಸಂದು ಹುಡುಕುತ್ತಿದ್ದ. ಒದೆ ತಾಗುವ ಕ್ಷಣದಲ್ಲಿ ತಿನ್ನುವವನು ಸೊಂಟ ತಿರುಗಿಸಿ, ತನ್ನ ಮೈಭಾರವನ್ನೆಲ್ಲ ಆ ಒದೆಗೆ ಕೊಟ್ಟುಬಿಡುತ್ತಿದ್ದ.

ಮಗ್ಗ ನಿಲ್ಲಿಸಿ ನಾಲ್ಕು ಮ್ಯಾಟಿನಿ ನೋಡಿದರು.

ಹೆಂಡತಿ ರಾಮಕ್ಕ ರೇಗಿದಳು. "ಆ ಚೀನಾದೋನು ಒದೆಯೋದು ನೋಡೋಕೆ ದಿನಾ ಹೋಯ್ತೀರಲ್ಲ, ಏನೈತೆ ಅದ್ರಾಗೆ?"

"ಒದೆಯೋನ್ನ ಯಾವನ್ ನೋಡ್ತಾನೆ ಕಣೇ? ಒದೆ ತಿನ್ನೋನ್ನ ನೋಡ್ತೀನಿ."

ಆ ತಿಂಗಳಲ್ಲೇ ಕಲ್ಯಾಣದುರ್ಗದಿಂದ ಕರೆ ಬಂತು. ಕಡಲೆಕಾಯಿ ಎಣ್ಣೆ ಮಿಲ್ಲಿನ ಸಾಹುಕಾರ ಕೊಟ್ಟೂರಪ್ಪ ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ಪಾಳೇಗಾರನಾಗಲಿದ್ದ, ಕಾಳಗ ಕಲಿಸಿಕೊಡಬೇಕಂತೆ. ಅವನೂ ಅದೇ ಚಿತ್ರ ನೋಡಿದ್ದ. ಅದರಿಂದ ಕಲಿತದ್ದು ಕಿರುಚುವುದೊಂದೇ ಎಂಬುದು ಮಿಲ್ಲಿನ ಅಂಗಳದಲ್ಲಿ ಕೇಶವಯ್ಯನವರಿಗೆ ಗೊತ್ತಾಯಿತು. "ಹೂ! ಹಾ!" ಎಂದು ನೆಗೆದರೂ ಸಾಹುಕಾರನ ಕಾಲು ಮೊಣಕಾಲಿನೆತ್ತರಕ್ಕೂ ಬರುತ್ತಿರಲಿಲ್ಲ. ಎದುರಾಳಿಯಾಗಿದ್ದ ಮಿಲ್ಲಿನ ಗುಮಾಸ್ತ ಮುತ್ಯಾಲಪ್ಪ ಮಾತ್ರ ಆ ಕಾಲು ಏಳುವ ಮೊದಲೇ ನೆಲದ ಮೇಲಿರುತ್ತಿದ್ದ.

"ಎಲಾ ಉಂದಿ ಮೇಷ್ಟ್ರೇ, ಹೆಂಗೈತೆ?" ಎಂದು ಕೊಟ್ಟೂರಪ್ಪ ಬೆವರೊರೆಸಿಕೊಂಡ.

"ಅವ್ನು ನಿಮ್ ಒದೆಗೆ ಬೀಳ್ತಿಲ್ಲ ಸಾವುಕಾರ್ರೇ. ಸಂಬಳಕ್ಕೆ ಬೀಳ್ತಾವ್ನೆ."

ಸಾಹುಕಾರನ ಮುಖ ಸಣ್ಣದಾಯಿತು. "ಹಂಗಾದ್ರೆ ನೀವೇ ಬನ್ನಿ."

ಕೇಶವಯ್ಯ ಪಂಚೆ ಎತ್ತಿ ಕಟ್ಟಿ ನಿಂತರು. ಕೊಟ್ಟೂರಪ್ಪ ಒದ್ದ. ಅವರು ಅಲುಗಲಿಲ್ಲ. ಒದ್ದವನೇ ಜೋಲಿ ತಪ್ಪಿ ಕಡಲೆ ಸಿಪ್ಪೆಯ ರಾಶಿಯ ಮೇಲೆ ಕುಕ್ಕರಿಸಿದ. ಕೂಲಿಯವರು ಮುಖ ಅತ್ತ ತಿರುಗಿಸಿಕೊಂಡರು.

"ಇನ್ನೊಂದ್ಸಲ ಒದೀರಿ. ಹಿಂಗೇ."

ಈ ಸಲ ಕಾಲು ತಾಗುತ್ತಲೇ ಅವರು ಸೊಂಟ ತಿರುಗಿಸಿದರು. ಗಿರ್ರನೆ ಸುತ್ತಿ, ಭುಜ ಕೊಟ್ಟು ಬಿದ್ದು, ಸಿಪ್ಪೆ ಚಿಮ್ಮಿಸುತ್ತ ಉರುಳಿಹೋದರು. ಕಡಲೆಕಾಯಿ ಕೇರುತ್ತಿದ್ದ ಹೆಂಗಸೊಬ್ಬಳು ಮೊರ ಬಿಟ್ಟು "ಅಯ್ಯಯ್ಯೋ, ಮುದುಕ್ರನ್ನ ಕೊಂದ್ಬುಟ್ರು!" ಎಂದು ಚೀರಿದಳು.

ಕೇಶವಯ್ಯ ಸಿಪ್ಪೆ ಕೊಡವಿಕೊಂಡು ಎದ್ದರು. "ಕಾಲು ನಿಮ್ದು, ಕಾಳಗ ನಂದು. ಮೊದ್ಲು ಬೀಳೋದು ಕಲೀರಿ."

"ಕೂಲಿಯೋರ ಮುಂದೆ ನಾನು ಬೀಳೋದಾ?"

"ಹಂಗಾದ್ರೆ ಕಿರುಚ್ಕೊಂಡಿರಿ. ನಾನ್ ಹೋಯ್ತೀನಿ."

ಮಧ್ಯಾಹ್ನದ ಬಸ್ಸಿಗೇ ಊರಿಗೆ ಮರಳಿದರು. ವಾರ್ಷಿಕೋತ್ಸವದಲ್ಲಿ ಕೊಟ್ಟೂರಪ್ಪ ನೆಗೆದನಂತೆ, ಮುತ್ಯಾಲಪ್ಪ ಮುಂಚೆಯೇ ಬಿದ್ದನಂತೆ, ಜನ ಸೀಟಿ ಹೊಡೆದು ಸಾಹುಕಾರನಿಗೆ ಹಾರ ಹಾಕಿದರಂತೆ. ಸುದ್ದಿ ಕೇಳಿ ಕೇಶವಯ್ಯ ಎಲೆಯಡಿಕೆ ಉಗಿದರು. ಕಣ್ಣಿಲ್ಲದ ಜನಕ್ಕೆ ತಕ್ಕ ಶೂರ ಎಂದುಕೊಂಡರು. ಆದರೂ ಆ ದಿನ ಮಗ್ಗದ ಮುಂದೆ ಅವರ ಕೈ ಓಡಲಿಲ್ಲ.

ಮುಂದಿನ ಭಾನುವಾರ ಬಾಗಿಲಲ್ಲಿ ಮುತ್ಯಾಲಪ್ಪ ನಿಂತಿದ್ದ.

"ಏನಯ್ಯಾ, ಸಾವುಕಾರ್ರು ಕಳ್ಸಿದ್ರಾ?"

"ಇಲ್ಲ ಮೇಷ್ಟ್ರೇ, ನಾನೇ ಬಂದೆ." ಅವನು ತಲೆ ತಗ್ಗಿಸಿದ. "ಎಲ್ರೂ ಚಪ್ಪಾಳೆ ಹೊಡೀವಾಗ ನಾನು ನೆಲದ ಮ್ಯಾಲೆ ಬಿದ್ದಿದ್ನಲ್ಲ, ನಾಚ್ಕೆ ಆಗೋಯ್ತು. ನೀವು ಬಿದ್ದಿದ್ದು ನೋಡಿದ್ದೆ. ನಂಗೆ ಬೀಳೋದು ಕಲಿಸ್ತೀರಾ?"

ಕೇಶವಯ್ಯ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೆನ್ನು ಬಾಗಿದ, ಸಣಕಲು ಮನುಷ್ಯ. "ನಿಂತ್ಕೊಳ್ಳೋಕೇ ಬರಲ್ಲ ನಿಂಗೆ," ಎಂದು ಗೊಣಗುತ್ತಲೇ ಒಳಗಿಂದ ಹಳೆಯ ಗೋಣಿಚೀಲಗಳನ್ನು ತಂದು ಹಿತ್ತಲಲ್ಲಿ ಹಾಸಿದರು.

ಅವನು ಮೂರು ಸಲ ಬಿದ್ದ. ಮೂರು ಸಲವೂ ಇವರು ಥೂ ಎಂದರು. ನಾಲ್ಕನೆಯ ಸಲ ಅವನು ಭುಜ ಕೊಟ್ಟು ಉರುಳಿದ. ಕೇಶವಯ್ಯ ರಾಮಕ್ಕನನ್ನು ಕೂಗಿ ಇಬ್ಬರಿಗೂ ಕಾಫಿ ತರಲು ಹೇಳಿದರು.