ಪಕ್ಕದ ಸೀಟಿನ ಬ್ರೇಕು

ಅಪ್ಪ ನಲವತ್ತು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವನು. ಸ್ಕೂಲ್ ಮುಚ್ಚಿದರೂ ಹಳೆಯ ಕಾರನ್ನು ಮಾರಲಿಲ್ಲ. ಕಲಿಸುವವರಿಗೆಂದು ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುವ ಕಾರು ಅದು.

ಶನಿವಾರ ಬೆಳಿಗ್ಗೆ ಅದರಲ್ಲೇ ಅಪ್ಪನೂ ನಾನೂ ನದಿದಡದ ಕೋಟೆ ಊರಿಗೆ ಹೊರಟೆವು. ಹೆದ್ದಾರಿ ಅಭ್ಯಾಸವಾಗಬೇಕು ಎಂದು ಸುಳ್ಳು ಹೇಳಿ ಸ್ಟೀರಿಂಗ್ ನಾನೇ ಹಿಡಿದೆ. ಇಪ್ಪತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ; ಆದರೂ ನಾಯಿಯೊಂದು ಅಡ್ಡ ಬಂದರೆ ನನಗಿಂತ ಮೊದಲು ಅಪ್ಪನ ಕಾಲು ಬ್ರೇಕ್ ಒತ್ತುತ್ತಿತ್ತು. ಮೂರನೆಯ ಸಲಕ್ಕೆ ನನ್ನ ಪಿತ್ತ ನೆತ್ತಿಗೇರಿತು.

"ಅಪ್ಪ, ಕಾಲು ತೆಗಿ."

"ನಾನೆಲ್ಲಿ ಒತ್ತಿದೆ? ಅದೇ ಒತ್ಕೊಳ್ತು."

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಆದರೆ ಆ ವಾರವಷ್ಟೇ ಕಣ್ಣಿನ ಡಾಕ್ಟರು ಅಪ್ಪನನ್ನು ಹೊರಗೆ ಕೂರಿಸಿ, ಬಿಸಿಲಿನಲ್ಲಿ ಕಂಡರೂ ನೆರಳಿನಲ್ಲಿದ್ದುದು ಕಾಣುವುದಿಲ್ಲ, ಇನ್ನು ಇವರು ಗಾಡಿ ಮುಟ್ಟುವಂತಿಲ್ಲ ಎಂದು ನನ್ನೊಬ್ಬಳಿಗೇ ಹೇಳಿದ್ದರು. ಮನೆ ಸೇರುವುದರೊಳಗೆ ನಾನದನ್ನು ಹೇಳಲೇಬೇಕು, ಇಲ್ಲದಿದ್ದರೆ ಸೋಮವಾರ ಅಪ್ಪ ಎಂದಿನಂತೆ ಕೀಲಿ ಹಿಡಿದು ತರಕಾರಿಗೆ ಹೊರಡುತ್ತಾನೆ. ಕೋಟೆಯ ಬಾಗಿಲು ನೋಡುವಾಗಲೂ, ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟಾಗಲೂ ಅದನ್ನು ಹೇಳಲು ಶುರುಮಾಡಿ ಊಟದ ಮಾತಿಗೆ ತಿರುಗಿಸಿದೆ.

ಭಾನುವಾರ ಹೊರಡುವ ಮುನ್ನ, ಕೋಟೆಗೋಡೆಯ ಕೆಳಗಿನ ಖಾಲಿ ಮೈದಾನದಲ್ಲಿ ಅಪ್ಪ ಕೈ ಚಾಚಿದ.

"ಕೀಲಿ ಕೊಡು. ಒಂದೇ ರೌಂಡು."

ಕೊಟ್ಟುಬಿಟ್ಟೆ. ಪಕ್ಕದ ಸೀಟಿನಲ್ಲಿ ಕೂತೆ. ನನ್ನ ಕಾಲು ತಾನಾಗಿಯೇ ಆ ಬ್ರೇಕಿನ ಮೇಲೆ ಹೋಯಿತು. ಅಪ್ಪ ನಿಧಾನವಾಗಿ, ಎಷ್ಟು ನಯವಾಗಿ ತಿರುಗಿಸಿದ ಎಂದರೆ, ಡಾಕ್ಟರೇ ತಪ್ಪಿರಬೇಕು ಅನ್ನಿಸಿತು. ಅಷ್ಟರಲ್ಲಿ ಎದುರಿಗೆ, ಗೋಡೆಯ ನೆರಳಿನಲ್ಲಿ, ಕಲ್ಲಿನ ಕಂಬ. ಅಪ್ಪನ ಕಾಲು ಅಲುಗಲಿಲ್ಲ. ನಾನು ಒತ್ತಿದೆ. ಕಾರು ಗಕ್ಕನೆ ನಿಂತಿತು.

ಅಪ್ಪ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ಮುಂದೆ ನೋಡಿದ.

"ಅಪ್ಪ, ಡಾಕ್ಟರು ಏನು ಹೇಳಿದ್ರು ಅಂದ್ರೆ..."

"ಗೊತ್ತು ಬಿಡು. ನಿನ್ನೆಯಿಂದ ನಿನ್ ಮುಖ ನೋಡ್ತಾನೇ ಇದ್ದೀನಿ. ಅಷ್ಟು ಕಾಣತ್ತೆ ನಂಗೆ."

ಆಮೇಲೆ, ಪಾಠ ಮುಗಿದಾಗ ಕಲಿಯುವವರಿಗೆಲ್ಲ ಹೇಳುತ್ತಿದ್ದುದನ್ನೇ ತನಗೆ ತಾನು ಹೇಳಿಕೊಂಡ. "ನ್ಯೂಟ್ರಲ್. ಹ್ಯಾಂಡ್‌ಬ್ರೇಕ್. ಇಂಜಿನ್ ಆಫ್. ನಿಂದಾಯ್ತು, ಇಳಿ."

ಇಳಿದು, ಸುತ್ತಿ ಬಂದು, ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟ.

ವಾಪಸ್ ಬರುವಾಗ ಮತ್ತೊಂದು ನಾಯಿ ಅಡ್ಡ ಬಂತು. ನಾನೇ ಬ್ರೇಕ್ ಒತ್ತಿ ಪಕ್ಕಕ್ಕೆ ನೋಡಿದೆ. ಅಪ್ಪ ಚಪ್ಪಲಿ ಕಳಚಿಟ್ಟು, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು ನಿದ್ದೆ ಹೋಗಿದ್ದ.